ಕೆಂಪು ಕಾಗದ, ನೀಲಿ ಕಾಗದ

ಅಪ್ಪನ ಸ್ಟುಡಿಯೋದ ಕತ್ತಲಕೋಣೆಯಲ್ಲಿ, ಕೆಂಪು ದೀಪದ ಕೆಳಗೆ, ಮೊದಲು ಮುಖಗಳು ಮೂಡುತ್ತಿದ್ದವು. ಆಮೇಲೆ ಅಲ್ಲಿ ಸೌತೆ ಸಸಿಗಳು ಮೂಡತೊಡಗಿದವು. ಫೋಟೋಗೆ ಜನ ಬರುವುದು ನಿಂತಿತು ಎಂದು ಅಪ್ಪ ಸ್ಟುಡಿಯೋ ಮುಚ್ಚಿದ ಮೇಲೆ ಅಮ್ಮ ತರಕಾರಿ ಸಸಿ ಬೆಳೆಸಿ ಮಾರತೊಡಗಿದ್ದಳು. ಹಿತ್ತಲಿನಲ್ಲಿ ಜಾಗ ಸಾಲದೆ ಕೆಲವು ಟ್ರೇಗಳನ್ನು ಆ ಕೋಣೆಗೆ ತಂದಿಟ್ಟಳು. ಆ ವರ್ಷ ಹಿತ್ತಲಿನ ಸಸಿಗಳಿಗೆಲ್ಲ ಬೂದಿ ರೋಗ ಬಡಿದು, ಎಲೆಗಳ ಮೇಲೆ ಹಿಟ್ಟು ಉದುರಿಸಿದಂತಾಯಿತು. ಕೆಂಪು ದೀಪದ ಕೆಳಗಿನವು ಮಾತ್ರ ಹಸಿರಾಗಿಯೇ ಉಳಿದವು. ಆದರೆ ಉದ್ದಕ್ಕೆ, ಬಡಕಲಾಗಿ ಬೆಳೆದಿದ್ದವು.

ತಿಂಗಳುಗಟ್ಟಲೆ ಮಾತಿಲ್ಲದೆ ಗೋಡೆಗೆ ಒರಗಿ ಕೂತಿದ್ದ ಅಪ್ಪ ಅದನ್ನು ಕೇಳಿ ಎದ್ದರು. ಸ್ಟುಡಿಯೋದ ಬಣ್ಣದ ಜಿಲೆಟಿನ್ ಕಾಗದಗಳನ್ನು ಹುಡುಕಿ ತೆಗೆದು, ಬಿಳಿ ಬಲ್ಬುಗಳಿಗೆ ಸುತ್ತಿ ನೋಡಿದರು. ನೀಲಿ ಬೆಳಕಿನಲ್ಲಿ ಸಸಿ ಕುಳ್ಳಗೆ, ದಪ್ಪ ಕಾಂಡದೊಂದಿಗೆ ಬರುತ್ತಿತ್ತು. ಕೆಂಪಿನಲ್ಲಿ ರೋಗ ಹತ್ತಿರ ಸುಳಿಯುತ್ತಿರಲಿಲ್ಲ. ಹಾಗಾಗಿ ಮೊಳಕೆಗೆ ನೀಲಿ, ಎಲೆ ಬಲಿತ ಮೇಲೆ ಕೆಂಪು ಎಂದು ಗೊತ್ತುಮಾಡಿಕೊಂಡರು. ಹಗಲು ಸ್ವಲ್ಪ ಹೊತ್ತು ಅಂಗಳದ ಬೆಳಕು, ಉಳಿದಂತೆ ಕೋಣೆ. ಸಸಿಗಳು ಚೆನ್ನಾಗಿ ಬಂದವು, ಅಪ್ಪನ ಮಾತೂ ಮರಳಿ ಬಂತು.

ಅಮ್ಮ ಜ್ವರ ಬಂದು ಮಲಗಿದಳೆಂದು ಸುದ್ದಿ ಬಂದಾಗ ನಾನು ಊರಿಗೆ ಹೋದೆ. ಅವಳ ಕೀಲುಗಳೆಲ್ಲ ಊದಿಕೊಂಡಿದ್ದವು. ಸಂಜೆ ಗಂಜಿ ಕುಡಿಸುತ್ತಿದ್ದಾಗ ಮೆಲ್ಲಗೆ ಕೇಳಿದಳು: "ಕೋಣೇಲಿ ಎಡಗಡೆ ಬಲ್ಬಿಗೆ ಯಾವ ಕಾಗದ ಕಟ್ಟಿದಾರೆ, ನೋಡ್ಕೊಂಡ್ ಬಾ."

ಹೋಗಿ ನೋಡಿ ಬಂದು, "ನೀಲಿ," ಎಂದೆ.

"ಅಯ್ಯೋ, ಅವು ಬಲಿತ ಸಸಿ ಕಣೇ. ಕೆಂಪಿರಬೇಕಿತ್ತು. ಅವರು ಸ್ನಾನಕ್ಕೆ ಹೋದಾಗ ಬದಲಾಯಿಸಿಬಿಡು."

"ಅಪ್ಪಂಗೇ ಹೇಳಿದ್ರೆ ಆಗಲ್ವಾ?"

ಅಮ್ಮ ಗೋಡೆಯ ಕಡೆ ತಿರುಗಿದಳು. "ಅವರಿಗೆ ಬಣ್ಣ ಕಾಣಲ್ಲ. ಕಣ್ಣಿನ ನರ ಒಣಗ್ತಿದೆ ಅಂದ್ರು ಡಾಕ್ಟ್ರು. ಜನ ಬರೋದು ನಿಂತಿದ್ದಕ್ಕಲ್ಲ ಸ್ಟುಡಿಯೋ ಮುಚ್ಚಿದ್ದು. ಮದುವೆ ಫೋಟೋಗೆ ಬಣ್ಣ ಹಚ್ಚುವಾಗ ಹೆಣ್ಣಿನ ಕೆಂಪು ಸೀರೆಗೆ ನೀಲಿ ಬಳಿದುಬಿಟ್ರು. ಆ ಮನೆಯೋರು ನಕ್ಕರು. ಅವತ್ತೇ ಬಾಗಿಲು ಹಾಕಿದ್ರು." ಹೊದಿಕೆ ಎಳೆದುಕೊಂಡು ಹೇಳಿದಳು: "ಅವರು ಕಟ್ಟಿದ್ದನ್ನ ಹಿಂದಿನಿಂದ ಹೋಗಿ ಸರಿಮಾಡಿ ಸರಿಮಾಡಿ ಸಾಕಾಗಿದೆ. ಈ ಜ್ವರಕ್ಕಿಂತ ಅದೇ ಸುಸ್ತು."

ನಾನು ಕಾಗದ ಬದಲಾಯಿಸಿದೆ. ಆದರೆ ಅಮ್ಮ ಮಲಗಿದಾಗಿನಿಂದ ಆ ಸಸಿಗಳ ಮೇಲೆ ನೀಲಿ ಬೆಳಕೇ ಬಿದ್ದಿತ್ತು. ಎಲೆಗಳ ಮೇಲೆ ಬಿಳಿ ಚುಕ್ಕೆಗಳು ಆಗಲೇ ಎದ್ದಿದ್ದವು.

ಮರುದಿನ ಬೆಳಿಗ್ಗೆ ಸಸಿ ಒಯ್ಯಲು ಹೊಂಬಾಳಯ್ಯ ಬಂದ. ಪ್ರತಿ ಬೆಳೆಗೂ ನಮ್ಮಲ್ಲೇ ಸಸಿ ಕೊಳ್ಳುತ್ತಿದ್ದವನು. ಅಪ್ಪ ಟ್ರೇ ತಂದು ಅವನ ಮುಂದಿಟ್ಟು, "ನೋಡು, ಹೇಗಿದೆ," ಎಂದರು. ಅವನು ಒಂದು ಎಲೆಯನ್ನು ಬೆರಳಿನಿಂದ ಒರೆಸಿದ.

"ಇದೇನ್ ಫೋಟೋದೋರೇ, ಬೂದಿ ಕೂತೈತಲ್ಲ!"

ಅಪ್ಪ ಟ್ರೇಯನ್ನು ಕಣ್ಣಿನ ಹತ್ತಿರ ಎತ್ತಿದರು. ಬೆಳಕಿನ ಕಡೆ ತಿರುಗಿಸಿದರು. ಅವರಿಗೆ ಏನೂ ಕಾಣುತ್ತಿಲ್ಲವೆಂದು ನನಗೆ ತಿಳಿಯಿತು. ಆಮೇಲೆ ಬೆರಳುಗಳನ್ನು ಒಂದು ಕಾಂಡದ ಬುಡದಿಂದ ತುದಿಯವರೆಗೆ ನಿಧಾನವಾಗಿ ಒಯ್ದು, ಇನ್ನೊಂದನ್ನು ಮುಟ್ಟಿ, ಮತ್ತೊಂದನ್ನು ಮುಟ್ಟಿ, ಕೈ ತೆಗೆದರು.

"ಕೆಂಪಿಗೆ ಬಂದಮೇಲೆ ಸ್ವಲ್ಪ ಎತ್ತರ ಆಗಬೇಕಿತ್ತು," ಎಂದರು. "ಹಾಗೇ ಕುಳ್ಳಗಿವೆ."

ಹೊಂಬಾಳಯ್ಯ ಹೊಲ ಹದಮಾಡಿ ಕೂತಿದ್ದೇನೆಂದು ಗೊಣಗಿದ. "ಇವನ್ನ ಕೊಡಲ್ಲ. ಮತ್ತೆ ಬಿತ್ತಿ ಕೊಡ್ತೀನಿ," ಎಂದರು ಅಪ್ಪ. ಹೊಸ ಸಸಿಗಳಿಗೆ ಅವನು ಬಂದೇ ಬಂದನೆಂದು ಆಮೇಲೆ ಅಮ್ಮ ಹೇಳಿದಳು. ಆದರೆ ಆ ಬೆಳಿಗ್ಗೆ ಬೆನ್ನು ತಿರುಗಿಸಿ ಹೋಗಿಬಿಟ್ಟ.

ಅಪ್ಪ ಅಮ್ಮನ ಮಂಚದ ತುದಿಯಲ್ಲಿ ಬಂದು ಕೂತರು.

"ನೀನು ಮಲಗಿದ್ಮೇಲೇ ಹೀಗಾಗಿದ್ದು. ಯಾವಾಗಿಂದ ಕಾಗದ ಬದಲಾಯಿಸ್ತಿದ್ದೆ, ಸುನಂದಾ?"

"ಮೊದಲಿಂದಾನೂ. ನಿಮಗೆ ಗೊತ್ತಿತ್ತಾ?"

"ಇಲ್ಲ." ಅಪ್ಪ ತಮ್ಮ ಅಂಗೈಗಳನ್ನೇ ನೋಡುತ್ತಿದ್ದರು. "ಸಸಿ ಚೆನ್ನಾಗಿ ಬಂದಾಗೆಲ್ಲ, ಕಣ್ಣು ಇನ್ನೂ ಅಷ್ಟೊಂದು ಹೋಗಿಲ್ಲ ಅನ್ಕೋತಿದ್ದೆ."

"ನಂಗೆ ಸಾಕಾಗಿಹೋಗಿದೆ ರೀ," ಎಂದಳು ಅಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ.

"ನಂಗೂ," ಎಂದರು ಅಪ್ಪ.

ಅಮ್ಮ ಕತ್ತರಿ ಕೇಳಿದಳು. ಊದಿದ ಬೆರಳುಗಳಿಗೆ ಅದು ಬಗ್ಗಲಿಲ್ಲ. ನನ್ನ ಕೈಗೆ ಕೊಟ್ಟು, "ಕೆಂಪು ಕಾಗದಗಳದ್ದು ಮಾತ್ರ ಒಂದೊಂದು ಮೂಲೆ ಕತ್ತರಿಸು," ಎಂದಳು. ಕತ್ತರಿಸಿ, ಎಲ್ಲವನ್ನೂ ಬೆರೆಸಿ ಅಪ್ಪನ ಮಡಿಲಲ್ಲಿಟ್ಟೆ. ಅವರು ಹೆಬ್ಬೆರಳಿನಿಂದ ಅಂಚು ಸವರಿ ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಇಡತೊಡಗಿದರು. ಅಮ್ಮ ಅಷ್ಟರಲ್ಲೇ ನಿದ್ದೆಹೋಗಿದ್ದಳು. ಕಾಗದ ಸರಸರ ಎಂದಾಗಲೆಲ್ಲ ಅಪ್ಪ ಕೈ ತಡೆದು, ಅವಳ ಉಸಿರಾಟವನ್ನು ಆಲಿಸಿ, ಮುಂದಿನದನ್ನು ಎತ್ತಿಕೊಳ್ಳುತ್ತಿದ್ದರು.