ವೀರೇಶರ ಫೋಟೊದೊಳಗಿನ ದುರ್ಗಕ್ಕ

ಹೊಸಪೇಟೆಯ ಹವ್ಯಾಸಿ ಛಾಯಾಗ್ರಾಹಕರ ಬಳಗದಲ್ಲಿ ಕೊಟ್ರಯ್ಯನಷ್ಟು ಚೆನ್ನಾಗಿ ಹೊಗಳುವವರು ಇನ್ನೊಬ್ಬರಿರಲಿಲ್ಲ. ತಾಲ್ಲೂಕು ಕಚೇರಿಯ ಎದುರು ಅವನದೊಂದು ಝೆರಾಕ್ಸ್ ಅಂಗಡಿ. ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ಆ ವರ್ಷಗಳಲ್ಲಿ ಒಂದೊಂದು ಪರ್ಮಿಟ್ಟಿಗೂ ಹತ್ತು ಹತ್ತು ನಕಲು ಬೇಕಾಗುತ್ತಿದ್ದವು. ಯಾಕೆ ಬೇಕು ಎಂದು ಕೇಳದಿರುವುದೇ ಅವನ ವ್ಯಾಪಾರದ ಗುಟ್ಟು. ಆ ನಕಲುಗಳಲ್ಲಿ ಮುಕ್ಕಾಲು ಪಾಲು ವೀರೇಶನವು.

ವೀರೇಶ ಸಂಡೂರಿನ ಗಣಿಗಳಿಂದ ಅದಿರು ಸಾಗಿಸುವ ನಲವತ್ತು ಲಾರಿಗಳ ಮಾಲೀಕ. ಬಳಗದ ಅಧ್ಯಕ್ಷನೂ ಹೌದು. ಸಿಂಗಪುರಕ್ಕೆ ಹೋದವನು ಮೊಣಕೈಯುದ್ದದ ಲೆನ್ಸಿನ ಕ್ಯಾಮೆರಾ ತಂದ, ತಂದ ತಿಂಗಳಲ್ಲೇ ಕಲಾವಿದನಾದ. ಅಷ್ಟುದ್ದದ ಲೆನ್ಸಿದ್ದುದರಿಂದ ಅವನು ಜೀಪಿನಿಂದ ಇಳಿಯುವ ತೊಂದರೆ ತೆಗೆದುಕೊಳ್ಳುತ್ತಿರಲಿಲ್ಲ. ಹಂಪಿಯ ಗೋಪುರವನ್ನು ನಾನೂರು ಸಲವಾದರೂ ತೆಗೆದಿದ್ದ. ಬಹುಪಾಲು ಚಿತ್ರಗಳಲ್ಲಿ ಕಳಸ ಚೌಕಟ್ಟಿನ ಆಚೆಗೇ ಉಳಿದಿತ್ತು.

ಎರಡು ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ಹೋಟೆಲೊಂದರ ಮೇಲಂತಸ್ತಿನಲ್ಲಿ ಬಳಗ ಸೇರುತ್ತಿತ್ತು. ಪ್ರೊಜೆಕ್ಟರು ವೀರೇಶನದು, ಉಪ್ಪಿಟ್ಟು-ವಡೆಯೂ ಅವನದೇ. ಎಲ್ಲರೂ ತಮ್ಮ ಹೊಸ ಚಿತ್ರಗಳನ್ನು ಸಿ.ಡಿ.ಯಲ್ಲಿ ತರುತ್ತಿದ್ದರು, ಕೊಟ್ರಯ್ಯ ಅವನ್ನು ಲ್ಯಾಪ್‌ಟಾಪಿಗೆ ಹಾಕಿ ಒಂದೊಂದಾಗಿ ಗೋಡೆಯ ಮೇಲೆ ಬಿಡುತ್ತಿದ್ದ. ಮೊದಲು ಅಧ್ಯಕ್ಷರದು, ಕೊನೆಗೆ ಕೊಟ್ರಯ್ಯನದು. ಅಷ್ಟರಲ್ಲಿ ವಡೆ ಬರುತ್ತಿತ್ತು, ಎಲ್ಲರೂ ಚಟ್ನಿಯ ಕಡೆ ತಿರುಗುತ್ತಿದ್ದರು.

ಒಮ್ಮೆ ವೀರೇಶ ಸಂಡೂರಿನ ಸೂರ್ಯಾಸ್ತ ತೋರಿಸಿದ. ಆಕಾಶವೆಲ್ಲ ಕುಂಕುಮ ಕಲಸಿದಂತಿತ್ತು.

"ಯಾವ್ ಫಿಲ್ಟರ್ ಹಾಕೀರಿ ಸರ್?" ಎಂದು ಕಾಲೇಜಿನ ಉಪನ್ಯಾಸಕಿ ಶೈಲಶ್ರೀ ಕೇಳಿದಳು.

"ಏನೂ ಇಲ್ರಿ, ಎಲ್ಲಾ ನ್ಯಾಚುರಲ್," ಎಂದ ವೀರೇಶ. ಅದು ಸುಳ್ಳೇನಲ್ಲ. ಅವನದೇ ಲಾರಿಗಳು ಎಬ್ಬಿಸಿದ ಧೂಳು.

"ಇಂಥಾ ಕೆಂಪ ನೋಡಾಕ ಪುಣ್ಯ ಬೇಕ್ರಿ," ಎಂದ ಕೊಟ್ರಯ್ಯ. ಎಲ್ಲರೂ ತಲೆದೂಗಿದರು.

ಇಷ್ಟೆಲ್ಲ ಮಾಡಿದರೂ ಕೊಟ್ರಯ್ಯನಿಗೆ ನಿಜವಾಗಿಯೂ ಫೋಟೊ ತೆಗೆಯಲು ಬರುತ್ತಿತ್ತು. ಅದೇ ಅವನ ಸಂಕಟ. ಆ ಮಳೆಗಾಲದಲ್ಲಿ ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಕಂಪ್ಲಿಗೆ ಹೋಗಿದ್ದ. ಕಾಲುವೆ ಪಕ್ಕದ ಗದ್ದೆಯಲ್ಲಿ ಹೆಣ್ಣಾಳುಗಳು ನಾಟಿ ಮಾಡುತ್ತಿದ್ದರು. ಅವರಲ್ಲಿ ದುರ್ಗಕ್ಕ ಎಂಬಾಕೆ ಸೊಂಟ ಹಿಡಿದುಕೊಂಡು ನೆಟ್ಟಗಾಗಿ, ಯಾರೋ ಅಂದ ಮಾತಿಗೆ ಬಾಯಿ ತುಂಬ ನಕ್ಕಳು. ಕೆಸರುನೀರಿನಲ್ಲಿ ಅವಳ ಬಿಂಬವೂ ನಕ್ಕಿತು. ಕೊಟ್ರಯ್ಯ ಮೊಣಕಾಲುದ್ದ ಕೆಸರಿನಲ್ಲಿ ನಿಂತು ತೆಗೆದ ಚಿತ್ರ ಅದು. ಮುಂದಿನ ವಾರ ಬಸ್ಸು ಹತ್ತಿ ಹೋಗಿ ಅವಳಿಗೊಂದು ಪ್ರಿಂಟು ಕೊಟ್ಟೂ ಬಂದ.

ಈ ಚಿತ್ರವನ್ನು ವಡೆಯ ಹೊತ್ತಿಗೆ ಬಿಡಲು ಅವನಿಗೆ ಮನಸ್ಸಾಗಲಿಲ್ಲ. ಒಮ್ಮೆಯಾದರೂ ಜನ ನೋಡಲಿ ಎಂದು ವೀರೇಶನ ಚಿತ್ರಗಳ ನಡುವೆ ಸೇರಿಸಿದ. ಎಲ್ಲರೂ ಹೊಗಳಿದ ಮೇಲೆ ‘ಅಯ್ಯೋ, ಇದು ನಂದ್ರಿ, ತಪ್ಪಿ ಬಂದೈತಿ’ ಎನ್ನುವುದೆಂದು ಲೆಕ್ಕ.

ದುರ್ಗಕ್ಕ ಗೋಡೆಯ ಮೇಲೆ ನಕ್ಕಳು.

"ಅಬ್ಬಾ!" ಎಂದ ಕಂಪ್ಲಿಯ ರೈಸ್‌ಮಿಲ್ ಮಾಲೀಕ ಎರ್ರೆಪ್ಪ. "ನಮ್ಮೂರಾಗ ಹಿಂಗೊಂದ್ ನೋಟ ಐತೆಂತ ನನಗ ಗೊತ್ತಿದ್ದಿಲ್ಲ ನೋಡ್ರಿ!"

ಚಪ್ಪಾಳೆ ಬಿತ್ತು. ಕೊಟ್ರಯ್ಯ ಬಾಯಿ ತೆರೆಯುವಷ್ಟರಲ್ಲಿ ವೀರೇಶ ಎದ್ದು ನಿಂತ. ಒಂದು ಕ್ಷಣ ಗೋಡೆ ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡ.

"ಇದಕ್ಕ ಭಾಳ ಕಾದೀನ್ರಿ. ಮೂರು ತಾಸು. ಆಯಮ್ಮ ನಗವಲ್ಲಳು, ನಾ ಬಿಡವಲ್ಲೆ!"

ಅವನು ಸುಳ್ಳು ಹೇಳಿದನೋ, ಜೀಪಿನಲ್ಲಿ ಕೂತು ತೆಗೆದ ಸಾವಿರಾರು ಚಿತ್ರಗಳಲ್ಲಿ ಇದೂ ಒಂದೆಂದು ನಿಜವಾಗಿ ನಂಬಿದನೋ ಕೊಟ್ರಯ್ಯನಿಗೆ ಕೊನೆಗೂ ತಿಳಿಯಲಿಲ್ಲ. ಎಲ್ಲರೂ ಕೊಟ್ರಯ್ಯನ ಕಡೆ ತಿರುಗಿದರು, ಹೊಗಳಿಕೆಗಾಗಿ.

"ತಾಳ್ಮೆ ಅಂದ್ರ ಇದ ನೋಡ್ರಿ," ಎಂದ ಕೊಟ್ರಯ್ಯ. ನಾಲಿಗೆಗೆ ಅಭ್ಯಾಸವಾಗಿಬಿಟ್ಟಿತ್ತು.

ಮುಂದಿನ ಸಭೆಯಲ್ಲಿ ಅವನು ಹಟ ಹಿಡಿದು, ಕಂಪ್ಲಿಯಲ್ಲಿ ಅದೇ ದಿನ ತೆಗೆದಿದ್ದ ದುರ್ಗಕ್ಕನ ಇನ್ನೊಂದು ಚಿತ್ರವನ್ನು ತನ್ನ ಹೆಸರಿನಲ್ಲೇ ತೋರಿಸಿದ. ಶೈಲಶ್ರೀ ಮುಖ ಗಂಟಿಕ್ಕಿದಳು.

"ಕೊಟ್ರಯ್ಯಾರ, ತಪ್ಪು ತಿಳಿಬ್ಯಾಡ್ರಿ. ಸರ್ ಹೋದ ಜಾಗಕ್ಕ ಹೋಗಿ, ಅದ ಹೆಣ್ಮಗಳನ್ನ ನಿಲ್ಲಿಸಿ ತೆಗೆಯೋದಂದ್ರ... ಕಾಪಿ ಅನ್ನಸ್ತೈತ್ರಿ."

"ಇರ್ಲಿ ಬಿಡ್ರಿ," ಎಂದ ವೀರೇಶ ದೊಡ್ಡ ಮನಸ್ಸಿನಿಂದ. "ನೋಡಿ ನೋಡೇ ಕಲಿತಾರ."

ಡಿಸೆಂಬರಿನಲ್ಲಿ ವೀರೇಶನ ಟ್ರಾನ್ಸ್‌ಪೋರ್ಟ್ ಕಂಪನಿಯ ಕ್ಯಾಲೆಂಡರಿಗೆ ಆ ನಗುವಿನ ಚಿತ್ರವೇ ಮುಖಪುಟವಾಯಿತು. ಬಿಡುಗಡೆಗೆ ದೊಡ್ಡ ಹಾಲ್, ಹೂವು, ಮೈಕು. ಕಲಾವಿದರಿಗೆ ಬಡವರ ಬಗ್ಗೆ ಕಾಳಜಿ ಇದೆಯೆಂದು ತೋರಬೇಕಲ್ಲ. ಕಂಪ್ಲಿಗೆ ಜೀಪು ಕಳಿಸಿ ದುರ್ಗಕ್ಕನನ್ನೂ ಕರೆಸಿದರು. ವೀರೇಶ ಅವಳಿಗೆ ಶಾಲು ಹೊದಿಸಿ, ಫೋಟೊದವರು ಮುಗಿಸುವವರೆಗೂ ಕೈ ತೆಗೆಯಲಿಲ್ಲ.

"ಎರಡು ಮಾತ ಹೇಳಬೇ," ಎಂದು ಮೈಕು ಅವಳ ಮುಂದೆ ಹಿಡಿದ.

ದುರ್ಗಕ್ಕ ಸಭೆಯನ್ನು ನೋಡಿದಳು. ಮೂರನೆಯ ಸಾಲಿನಲ್ಲಿ ಕೊಟ್ರಯ್ಯ ಕಂಡ. ಅವಳ ಮುಖ ಅರಳಿತು.

"ಅಗಾ, ಅಯ್ನೋರು ಅಲ್ಲಿ ಕುಂತಾರಲ್ರಿ! ಫೋಟೊ ಹಿಡದೋರು ಅವ್ರು. ಶಾಲ ಅವರಿಗೆ ಹಾಕ್ರಿ."

ಸಭೆ ನಕ್ಕಿತು. ವೀರೇಶನೂ ನಕ್ಕ. "ವಯಸ್ಸಾಗೈತಿ, ಗುರುತು ಹತ್ತವಲ್ದು ಪಾಪ."

"ಯಾಕ ಹತ್ತಂಗಿಲ್ರಿ? ಕೆಸರಾಗ ಬಿದ್ದಿದ್ರು, ನಾವ ಎಬ್ಬಿಸಿದ್ವಿ," ಎನ್ನುತ್ತ ದುರ್ಗಕ್ಕ ಸೊಂಟದ ಚೀಲದಿಂದ ಮಡಿಕೆಬಿದ್ದ ಪ್ರಿಂಟನ್ನು ತೆಗೆದಳು. ಹಿಂಬದಿಯಲ್ಲಿ ಕೊಟ್ರಯ್ಯನ ಝೆರಾಕ್ಸ್ ಅಂಗಡಿಯ ರಬ್ಬರ್ ಸ್ಟಾಂಪು ಎದ್ದು ಕಾಣುತ್ತಿತ್ತು.

ನಗು ನಿಂತಿತು. ವೀರೇಶ ಸ್ಟಾಂಪು ನೋಡಿದ, ಆಮೇಲೆ ಕೊಟ್ರಯ್ಯನನ್ನು ನೋಡಿದ. ದನಿ ಏರಿಸಲಿಲ್ಲ.

"ಏ ಕೊಟ್ರಯ್ಯ, ನಮ್ ಫೋಟೊನ ಪ್ರಿಂಟ್ ಹಾಕಿ ನೀನ ಕೊಟ್ಟು ಬಂದಿದ್ಯಲ್ಲ? ಹೇಳಪ ಆಯಮ್ಮಗ."

ನಲವತ್ತು ಲಾರಿಗಳೂ ಅವುಗಳ ಪರ್ಮಿಟ್ಟುಗಳೂ ಕೊಟ್ರಯ್ಯನ ಕಣ್ಣ ಮುಂದೆ ಸಾಲುಗಟ್ಟಿ ನಿಂತವು. ಎದ್ದ.

"ಹೌದ್ರಿ ಸರ. ಪ್ರಿಂಟ್ ಅಷ್ಟ ನಂದು."

ಚಪ್ಪಾಳೆ ಮೊದಲಿಗಿಂತ ಜೋರಾಗಿ ಬಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಮೆಟ್ಟಿಲ ಬಳಿ ದುರ್ಗಕ್ಕ ಅವನನ್ನು ತಡೆದಳು. ಕೊಟ್ರಯ್ಯ ಮಾತು ತಪ್ಪಿಸಲೆಂದು ಒಂದು ಕ್ಯಾಲೆಂಡರ್ ಸುತ್ತಿ ಕೈಗಿಡಹೋದ.

"ಅದ್ಯಾಕ್ರಿ ನನಗ? ಗದ್ಯಾಗ ಲಾರಿ ನಿಲ್ಸ್ಯಾರ ಅದ್ರಾಗ," ಎಂದಳು. ನಿಜ, ನಾಟಿ ಗದ್ದೆಯ ಮೂಲೆಯಲ್ಲಿ ಕಂಪನಿಯ ಎರಡು ಲಾರಿಗಳನ್ನು ಸೇರಿಸಿದ್ದರು. "ಎಲ್ಲಾರ ಮುಂದ ನನ್ನ ಸುಳ್ಳಿ ಮಾಡಿದ್ರಿ. ಇರ್ಲಿ, ನಾ ಕೂಲಿಯಾಕಿ, ನಾಳಿಗೆ ಮರೀತೀನಿ. ನಿಮ್ಮ ಫೋಟೊ ನಿಮ್ದಲ್ಲಂದ್ರಲ್ಲ, ನಿಮಗ ಹೆಂಗ ನಿದ್ದಿ ಹತ್ತೀತು?"

ಅವಳು ಶಾಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೆಳಗಿಳಿದಳು. ಕರೆತಂದ ಜೀಪು ವಾಪಸು ಬಿಡಲು ಇರಲಿಲ್ಲ. ಬಸ್‌ಸ್ಟ್ಯಾಂಡಿನ ಕಡೆ ನಡೆದು ಹೋದಳು.

ಕೊಟ್ರಯ್ಯನಿಗೆ ನಿದ್ದೆ ಬಂತು. ಎರಡು ದಿನ ತಡವಾಗಿ, ಅಷ್ಟೇ. ಜನವರಿಯಲ್ಲಿ ಅವನನ್ನು ಬಳಗದ ಉಪಾಧ್ಯಕ್ಷನನ್ನಾಗಿ ಅವಿರೋಧವಾಗಿ ಆರಿಸಿದರು. ಅಂದಿನಿಂದ ಅವನ ಚಿತ್ರಗಳು ಅಧ್ಯಕ್ಷರ ಚಿತ್ರಗಳು ಮುಗಿದ ಕೂಡಲೇ ಬರತೊಡಗಿದವು. ಮೊದಲ ಭಾನುವಾರ ಅವನು ಗುಂಡಿ ಒತ್ತಿದ. ಲ್ಯಾಪ್‌ಟಾಪು ಇನ್ನೂ ಅವನ ಸಿ.ಡಿ. ಓದುತ್ತಿತ್ತು, ಗೋಡೆಯ ಮೇಲೆ ಬರೀ ನೀಲಿ ಬೆಳಕು.

"ಭಾಳ ಮಸ್ತ್ ಬಂದೈತ್ರಿ ಉಪಾಧ್ಯಕ್ಷರ!" ಎಂದ ಎರ್ರೆಪ್ಪ.

ಕೊಟ್ರಯ್ಯ ಎದ್ದು ನಿಂತು ಎಲ್ಲರಿಗೂ ಕೈಮುಗಿದ.