ಅಲ್ಲಾಡದ ತೂಕ

ಟೈಲರ್ ಅಣ್ಣನ ತೂಕ ಆರು ದಿನದಿಂದ ಅರವತ್ತೆಂಟು ಕಿಲೋ ಬಿಟ್ಟು ಅಲ್ಲಾಡಿರಲಿಲ್ಲ. ಅದೇ ನರ್ಸಮ್ಮನಿಗೆ ಅನುಮಾನ.

ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಕೂತು, ಹೃದಯ ಸೋತು ಚಿಕಿತ್ಸೆ ಪಡೆದು ಮನೆಗೆ ಹೋದ ನಲವತ್ತು ಮಂದಿಯನ್ನು ಕಂಪ್ಯೂಟರ್ ಪರದೆಯ ಮೇಲೆ ಕಾಯುವುದು ಅವಳ ಕೆಲಸ. ಅವರು ಬೆಳಿಗ್ಗೆ ಆಸ್ಪತ್ರೆ ಕೊಟ್ಟ ತೂಕದ ಯಂತ್ರದ ಮೇಲೆ ನಿಂತರೆ ಸಾಕು, ಅಂಕಿ ತಾನೇ ಫೋನಿಗೆ ಹೋಗಿ, ಅಲ್ಲಿಂದ ಇವಳ ಪರದೆಗೆ ಬರುತ್ತದೆ. ಮೂರು ದಿನದಲ್ಲಿ ಎರಡು ಕಿಲೋ ಏರಿತೋ, ಮೈಯಲ್ಲಿ ನೀರು ತುಂಬುತ್ತಿದೆ ಎಂದರ್ಥ. ಹೆಸರಿನ ಸಾಲು ಕೆಂಪಾಗುತ್ತದೆ. ಟೈಲರ್ ಅಣ್ಣನದು ಅಚ್ಚ ಹಸಿರು. ಆದರೆ ನಿನ್ನೆ ಫೋನಿನಲ್ಲಿ "ಚೆನ್ನಾಗಿದ್ದೀನಿ ಸಿಸ್ಟರ್" ಅನ್ನುವಷ್ಟರಲ್ಲಿ ನಡುವೆ ಒಮ್ಮೆ ಉಸಿರೆಳೆದುಕೊಂಡಿದ್ದ. ಎರಡು ಮಾತಿಗೆ ಉಸಿರು ಸಾಲದವನ ತೂಕ ಕಲ್ಲಿನ ಹಾಗೆ ಕೂತಿದೆಯೆಂದರೆ ಯಾರು ನಂಬುತ್ತಾರೆ?

"ಅವರ ಬದಲು ಹೆಂಡತಿ ನಿಲ್ತಿರಬಹುದು," ಅಂದ ಯಂತ್ರಗಳನ್ನು ನೋಡಿಕೊಳ್ಳುವ ತಂತ್ರಜ್ಞ. "ಹೋದ ತಿಂಗಳು ಒಬ್ರು ನಾಯೀನ ನಿಲ್ಲಿಸಿದ್ರು. ಹದಿನಾಲ್ಕು ಕಿಲೋ ಬಂತು!"

ನರ್ಸಮ್ಮ ನಗಲಿಲ್ಲ. ವೀಡಿಯೋ ಕರೆ ಮಾಡಿದಳು. ಹೆಂಡತಿಯೇ ಎತ್ತಿಕೊಂಡಳು.

"ಅಕ್ಕಾ, ದಿನಾ ತೂಕಕ್ಕೆ ಯಾರು ನಿಲ್ಲೋದು?"

"ಇನ್ಯಾರು, ಇವರೇ. ನಾನು ನಿಂತ್ರೆ ನನ್ನ ಭಾರಕ್ಕೆ ಅದು ಕಿರುಚಿಕೊಳ್ಳುತ್ತೆ. ಅಂಕಿ ಸರಿ ಇದ್ರೂ ಫೋನ್ ಮಾಡ್ತೀರಲ್ಲ, ಆಸ್ಪತ್ರೆ ಹಾಸಿಗೆ ತುಂಬಿಸೋಕೆ ಜನ ಸಾಲದಾ?"

ಹಿಂದೆ ಹೊಲಿಗೆ ಯಂತ್ರದ ಮುಂದಿದ್ದ ಟೈಲರ್ ಅಣ್ಣ ತಲೆಯೆತ್ತಿದ. "ಬಿಡೇ... ಹನ್ನೆರಡು ಯೂನಿಫಾರಂ ಬಾಕಿ ಇದೆ. ಸೋಮವಾರ... ಶಾಲೆ ಶುರು. ನಾನು ಬಂದು ಮಲಗಿದ್ರೆ ಮಕ್ಕಳು ಬರಿಮೈಯಲ್ಲಿ ಹೋಗಬೇಕು, ಸಿಸ್ಟರ್."

ಮತ್ತೆ ನಡುವೆ ಉಸಿರು. ನರ್ಸಮ್ಮ ಎಣಿಸಿಕೊಂಡಳು.

"ಕೊರಳಲ್ಲಿ ಟೇಪ್ ಇದೆಯಲ್ಲ ಅಣ್ಣ, ನಿಮ್ಮ ಸೊಂಟ ಅಳೀರಿ ನೋಡೋಣ."

"ಮೂವತ್ತನಾಲ್ಕು. ನನಗೆ ಬಾಯಿಪಾಠ," ಅಂದಳು ಹೆಂಡತಿ. ಅವನು ಮಿಸುಕಲಿಲ್ಲ. ಅವಳೇ ಟೇಪ್ ಕಿತ್ತುಕೊಂಡು ಸುತ್ತಿದಳು. ಮೂವತ್ತಾರೂವರೆ.

"ರೀ, ಮೊನ್ನೆ ಪ್ಯಾಂಟಿನ ಸೊಂಟ ಬಿಚ್ಚಿ ಹೊಲೀತಿದ್ರಲ್ಲ, ಗಿರಾಕಿದು ಅಂದ್ರಿ?"

"ಬಟ್ಟೆ ಕುಗ್ಗಿದೆ ಅಂದ್ಕೊಂಡೆ."

"ಮೂವತ್ತು ವರ್ಷ ಕತ್ತರಿ ಹಿಡಿದೋರು ಈ ಕಥೆ ನನಗೆ ಹೇಳ್ತೀರಾ?"

ಸೊಂಟ ಏರಿದೆ, ತೂಕ ಏರಿಲ್ಲ. ನರ್ಸಮ್ಮನಿಗೆ ಈಗ ಯಾರ ಮೇಲೂ ನಂಬಿಕೆ ಉಳಿಯಲಿಲ್ಲ. "ಈಗಲೇ ತೂಕಕ್ಕೆ ನಿಲ್ಲಿ ಅಣ್ಣ. ಅಕ್ಕಾ, ಫೋನು ದೂರ ಹಿಡೀರಿ, ತಲೆಯಿಂದ ಕಾಲಿನವರೆಗೂ ಕಾಣಲಿ."

ತೂಕದ ಯಂತ್ರ ಇದ್ದದ್ದು ಬಟ್ಟೆ ಕತ್ತರಿಸುವ ಮೇಜಿನ ಪಕ್ಕ. ಅವನು ಹತ್ತಿ ನಿಂತ. ಎಡಗೈ ತಾನಾಗಿಯೇ ಹೋಗಿ ಮೇಜಿನ ಮೇಲೆ ಅಗಲವಾಗಿ ಕೂತಿತು, ಬಟ್ಟೆ ಜಾರದ ಹಾಗೆ ಒತ್ತಿ ಹಿಡಿಯುವ ಹಳೇ ಅಭ್ಯಾಸ. ಅಂಕಿ ಬಂತು: ಅರವತ್ತೆಂಟು ಪಾಯಿಂಟ್ ಮೂರು.

"ಅಣ್ಣ, ಆ ಕೈ ತೆಗೀರಿ."

"ಯಾವ ಕೈ?"

ಅವನು ತನ್ನ ಕೈಯನ್ನು ಬೇರೆಯವರದೇನೋ ಎಂಬಂತೆ ನೋಡಿದ. ಈಚೆಗೆ ತಲೆ ತಿರುಗುತ್ತಿತ್ತು. ದಿನದಿಂದ ದಿನಕ್ಕೆ ಇನ್ನಷ್ಟು ಒತ್ತಿ ನಿಲ್ಲುತ್ತಿದ್ದ. ಮೈಗೆ ಏರಿದ ನೀರನ್ನೆಲ್ಲ ಮೇಜು ಹೊತ್ತುಕೊಂಡಿತ್ತು. ಕೈ ಎತ್ತಿದ, ತೂಗಾಡಿದ.

"ಅಕ್ಕಾ, ಹಿಂದೆ ನಿಲ್ಲಿ. ಬಿದ್ರೆ ಹಿಡೀರಿ, ಅಲ್ಲೀವರೆಗೂ ಮುಟ್ಟಬೇಡಿ."

ಎಪ್ಪತ್ತೆರಡು ಪಾಯಿಂಟ್ ಆರು. ಪರದೆಯ ಮೇಲೆ ಸಾಲು ಕೆಂಪಾಯಿತು.

ಹೆಂಡತಿ ಹೊಲಿಗೆ ಯಂತ್ರದ ಸ್ವಿಚ್ಚು ಆರಿಸಿದಳು. "ಗಾಡಿ ನೀವು ಕಳಿಸ್ತೀರೋ, ನಾನೇ ಹಿಡೀಲೋ?"

"ಹೊರಟಿದೆ ಅಕ್ಕಾ."

ವೈದ್ಯರಿಗೆ ವಿಷಯ ತಿಳಿಸಿ ನರ್ಸಮ್ಮ ಕುರ್ಚಿಗೆ ಒರಗಿದಳು. "ನೋಡಿ, ಯಂತ್ರ ಸರಿಯಾಗೇ ಇತ್ತು," ಅಂದ ತಂತ್ರಜ್ಞ. ಅವಳು ಪರದೆಯ ಕಡೆ ತಿರುಗಿದಳು. ಉಳಿದ ಮೂವತ್ತೊಂಬತ್ತು ಸಾಲುಗಳೂ ಹಸಿರು. ಮೊದಲನೆಯ ನಂಬರ್ ಒತ್ತಿದಳು.

"ಅಜ್ಜೀ, ತೂಕ ನೋಡುವಾಗ ನಿಮ್ಮ ಕೈ ಎಲ್ಲಿರುತ್ತೆ?"

"ಇನ್ನೆಲ್ಲಿ ಮಗಳೇ, ಸೊಸೆ ಹೆಗಲ ಮೇಲೆ."