ಪುಕ್ಕಟೆ ಸಿಕ್ಕಿದ ಇಪ್ಪತ್ತನಾಲ್ಕು ಪದಗಳು

ತೊಕ್ಕೊಟ್ಟಿನ ಛತ್ರಿ ವ್ಯಾಪಾರಿ ಮೊಯ್ದೀನಬ್ಬ ಚೌಕಾಸಿಗೆ ಇಳಿದರೆಂದರೆ ತಕ್ಕಡಿಯೇ ಹೆದರಿ ಅವರ ಕಡೆಗೆ ವಾಲುತ್ತಿತ್ತು. ಅವರು ಪೇಟೆಗೆ ಹೊರಟ ಸುದ್ದಿ ಸಿಕ್ಕಿದರೆ ನೇತ್ರಾವತಿ ಸೇತುವೆಯಾಚೆ ಅರ್ಧ ಅಂಗಡಿಗಳು ಶಟರ್ ಎಳೆಯುತ್ತಿದ್ದವು. ಉಳಿದರ್ಧ ಅಂಗಡಿಯವರು ಮುಂಚಿತವಾಗಿಯೇ ಅತ್ತು ಮುಗಿಸುತ್ತಿದ್ದರು.

ಇಂಥ ಗಟ್ಟಿ ಮನುಷ್ಯನ ನಿದ್ದೆಯನ್ನು ಒಂದು ಮೊಬೈಲ್ ಫೋನು ಕೆಡಿಸಿತ್ತು. ಮಗಳು ಮರ್ವಾ ಫಿಸಿಯೋಥೆರಪಿ ಓದಿ ಮುಗಿಸಿದ್ದಳು. ಅವಳ ಸ್ವಂತ ಕ್ಲಿನಿಕ್ಕಿಗೆಂದು ಅಪ್ಪ ವರ್ಷಗಟ್ಟಲೆ ಕೂಡಿಸಿದ್ದೆಲ್ಲ ಬಿಟ್‌ಕಾಯಿನ್ ರೂಪದಲ್ಲಿ ಫೋನಿನ ಒಂದು ಆ್ಯಪ್‌ನಲ್ಲಿತ್ತು. ಪಕ್ಕದಂಗಡಿಯ ಮರ್ವಿನ್ ಯಾವುದೋ ಲಿಂಕ್ ಒತ್ತಿ, ಅವನ ಆ್ಯಪ್ ಬರಿದಾದ ದಿನದಿಂದ ಮೊಯ್ದೀನಬ್ಬ ಫೋನನ್ನು ದಿಂಬಿನೊಳಗೆ ಹೊಲಿದು ಮಲಗತೊಡಗಿದರು.

"ದಿಂಬಿಗೆ ಕಾಲ್ ಬಂದರೆ ನಾನು ಎತ್ತುವುದಿಲ್ಲ," ಎಂದರು ಹೆಂಡತಿ ಲೈಲಾ.

ಪಕ್ಕದ ಮನೆಯ ಹೇಮಾಕ್ಷಿ ಬ್ಯಾಂಕೊಂದರ ಲಾಕರ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ವಿಷಯ ಕೇಳಿ ನಕ್ಕರು.

"ಮೊಯ್ದೀನಬ್ಬರೇ, ಹಾರ್ಡ್‌ವೇರ್ ವಾಲೆಟ್ ಅಂತ ಉಂಟು. ಪೆನ್‌ಡ್ರೈವಿನಷ್ಟು ಸಣ್ಣ ಡಬ್ಬಿ. ನಿಮ್ಮ ಹಣದ ಕೀಲಿ ಅದರೊಳಗೇ ಇರ್ತದೆ, ಫೋನಿಗೆ ಬರುವುದೇ ಇಲ್ಲ. ಫೋನಿಗೆ ವೈರಸ್ ಬಂದರೂ ಡಬ್ಬಿಯ ಬಟನ್ ಒತ್ತದೆ ಹಣ ಹೋಗುವುದಿಲ್ಲ. ನಾನೂ ಅದನ್ನೇ ಇಟ್ಟುಕೊಂಡಿದ್ದೇನೆ."

"ಎಂತ ರೇಟು ಹೇಮಕ್ಕ?"

"ರೇಟು ಆಮೇಲೆ. ಮೊದಲು ಎಲ್ಲಿಂದ ತರುವುದು ಅಂತ ಹೇಳ್ತೇನೆ..."

ಆದರೆ ಚೌಕಾಸಿಯ ವಾಸನೆ ಹಿಡಿದ ಮೊಯ್ದೀನಬ್ಬ ಅಷ್ಟರಲ್ಲಿ ಗೇಟು ದಾಟಿಯಾಗಿತ್ತು.

ಆನ್‌ಲೈನ್ ಜಾಹೀರಾತು ನೋಡಿ ಮರುದಿನವೇ ಒಬ್ಬನನ್ನು ಹಿಡಿದರು. ಫ್ಲೈಓವರಿನ ಕೆಳಗೆ ಚೌಕಾಸಿ ಶುರುವಾಯಿತು. ಮೂರು ಬಸ್ಸಿನವರು ಟ್ರಿಪ್ ಬಿಟ್ಟು ನೋಡಲು ನಿಂತರಂತೆ. ಕೊನೆಗೆ ಆ ಮನುಷ್ಯ ಅರ್ಧ ಬೆಲೆಗೆ ಡಬ್ಬಿ ಕೊಟ್ಟು, ಕೈ ಮುಗಿದು, ಓಡಿಯೇ ಹೋದ.

ಎರಡು ದಿನ ಕಳೆದು ಮೊಯ್ದೀನಬ್ಬ ಹೇಮಾಕ್ಷಿಯನ್ನು ಚಹಾಕ್ಕೆ ಕರೆದು ಡಬ್ಬಿಯನ್ನು ಮೇಜಿನ ಮೇಲಿಟ್ಟರು.

"ನೋಡಿ ಹೇಮಕ್ಕ! ರೇಟು ಅರ್ಧ. ಮೇಲಿಂದ ವಾಲೆಟ್ ತೆರೆಯುವ ಇಪ್ಪತ್ತನಾಲ್ಕು ಗುಟ್ಟಿನ ಪದ ಫ್ರೀ! ಬೇರೆಯವರೆಲ್ಲ ಕೂತು ಕೈಯಲ್ಲಿ ಬರೆಯಬೇಕಂತೆ. ನಮಗೆ ಚಂದ ಮಾಡಿ ಪ್ರಿಂಟ್ ಹಾಕಿ ಕೊಟ್ಟಿದ್ದಾನೆ. ಪಿನ್ ನಂಬ್ರವೂ ಅವನೇ ಹಾಕಿ ಕೊಟ್ಟ. ರೆಡಿಮೇಡ್!"

ಹೇಮಾಕ್ಷಿಯ ಚಹಾದ ಲೋಟ ಬಾಯಿಯ ಹತ್ತಿರವೇ ನಿಂತಿತು. "ಪೆಟ್ಟಿಗೆಯ ಸೀಲ್ ಎಲ್ಲಿ?"

"ಅವನೇ ಒಡೆದು ತೋರಿಸಿದ, ಪಾಪ."

"ಪಾಪ ಅವನಲ್ಲ ಮಾರಾಯ್ರೆ, ನೀವು! ಹೊಸ ಬೀಗ ತಂದಿರಿ, ಸರಿ. ಅದರ ಇನ್ನೊಂದು ಕೀಲಿಕೈ ಮಾರಿದವನ ಕಿಸೆಯಲ್ಲಿ ಉಂಟು."

"ಹೊಟ್ಟೆಕಿಚ್ಚು ಬೇಡ ಹೇಮಕ್ಕ. ಮೊನ್ನೆಯೇ ಒಂದು ಛತ್ರಿಯ ಬೆಲೆಯಷ್ಟು ಹಾಕಿ ನೋಡಿದ್ದೇವೆ. ಅಲ್ಲೇ ಉಂಟು. ಕಳ್ಳನಾದರೆ ಬಿಡ್ತಿದ್ದನಾ?"

"ಗಾಳ ಹಾಕಿದವ ಎರೆಹುಳ ತಿನ್ನುವುದುಂಟಾ? ದೊಡ್ಡ ಮೀನಿಗೆ ಕಾಯ್ತಾನೆ. ಉಳಿದದ್ದು ಯಾವಾಗ ಹಾಕುವುದು?"

"ಈಗಲೇ ಹೇಮಾಂಟಿ, ಚಹಾ ಮುಗಿದ ಮೇಲೆ," ಎಂದಳು ಮರ್ವಾ. ಫೋನು ಅವಳ ಕೈಯಲ್ಲೇ ಇತ್ತು.

ಹೇಮಾಕ್ಷಿ ಎದ್ದು ನಿಂತರು. "ಹತ್ತು ನಿಮಿಷ ತಡಿ ಮಗಾ. ಮೊಯ್ದೀನಬ್ಬರೇ, ನಿಮ್ಮ ಡಬ್ಬಿಯನ್ನು ಎಲ್ಲಿ ಬೇಕಾದರೂ ಅಡಗಿಸಿ. ಈ ಕಾಗದ ಮಾತ್ರ ನನಗೆ ಕೊಡಿ."

ಮೊಯ್ದೀನಬ್ಬರಿಗೆ ಸವಾಲೆಂದರೆ ಬಿರಿಯಾನಿ. ಡಬ್ಬಿಯನ್ನು ಕಬ್ಬಿಣದ ಕಪಾಟಿನೊಳಗಿಟ್ಟು, ಬೀಗ ಹಾಕಿ, ಕೀಲಿಯನ್ನು ಸೊಂಟದ ಬೆಲ್ಟಿನೊಳಗೆ ತುರುಕಿ, ಕಪಾಟಿಗೆ ಬೆನ್ನು ಕೊಟ್ಟು ಕುಳಿತರು. ಆ ಹೊತ್ತಿನಲ್ಲಿ ಬುಲ್ಡೋಜರ್ ಬಂದಿದ್ದರೂ ಕ್ಷಮೆ ಕೇಳಿ ಹಿಂದೆ ಹೋಗುತ್ತಿತ್ತು.

ಹೇಮಾಕ್ಷಿ ಮನೆಯಿಂದ ತಮ್ಮ ಹಳೆಯ, ಖಾಲಿ ವಾಲೆಟನ್ನು ತಂದರು. ಪ್ರಿಂಟ್ ಹಾಕಿದ ಪದಗಳನ್ನು ಒಂದೊಂದಾಗಿ ಅದಕ್ಕೆ ಊಡಿಸಿದರು. ಮತ್ತೇನೋ ಒತ್ತಿದರು.

"ಮರ್ವಾ, ನಿಮ್ಮ ಡಬ್ಬಿಯ ಆ್ಯಪ್ ನೋಡು."

"ಉಪ್ಪ..." ಮರ್ವಾ ಅಪ್ಪನ ಕಡೆಗೆ ಫೋನು ತಿರುಗಿಸಿದಳು. "ಛತ್ರಿಯ ದುಡ್ಡು ಹೋಯ್ತು. ಸೊನ್ನೆ."

ಮೊಯ್ದೀನಬ್ಬ ಕಪಾಟು ತೆರೆದರು. ಡಬ್ಬಿ ಇಟ್ಟಲ್ಲೇ ಇತ್ತು. ತಿರುಗಿಸಿದರು, ಅಲ್ಲಾಡಿಸಿದರು, ಕಿವಿಗೆ ಹಿಡಿದರು.

"ನಾನು ಕೂತಲ್ಲಿಂದ ಕದಲಲಿಲ್ಲ! ಎಂತ ಮಾಟ ಇದು?"

"ಮಾಟ ಅಲ್ಲ. ಹಣ ಈ ಡಬ್ಬಿಯಲ್ಲಿ ಇರುವುದೇ ಇಲ್ಲ. ಅದರ ಲೆಕ್ಕ ಲೋಕದ ಸಾವಿರಾರು ಕಂಪ್ಯೂಟರಿನಲ್ಲಿ ಉಂಟು. ಡಬ್ಬಿ ಕಾಯುವುದು ಕೀಲಿಯನ್ನು. ಆ ಪದಗಳೇ ಕೀಲಿ. ಪದ ಯಾರ ಕೈಯಲ್ಲಿ, ಹಣ ಅವರ ಕೈಯಲ್ಲಿ. ಅದರಿಂದಲೇ ನಿಮ್ಮ ದುಡ್ಡನ್ನು ನನ್ನ ಇನ್ನೊಂದು ವಾಲೆಟಿಗೆ ಕಳಿಸಿದೆ. ನಾನಾದರೆ ವಾಪಸ್ ಕೊಡ್ತೇನೆ. ಫ್ಲೈಓವರಿನವ ಕೊಡ್ತಾನಾ?"

ಮರ್ವಾ ತನ್ನ ಲೋಟ ನೋಡಿದಳು. ತಳದಲ್ಲಿ ಒಂದು ಗುಟುಕು ಚಹಾ ಉಳಿದಿತ್ತು. ಅದನ್ನು ಕುಡಿದು ಮುಗಿಸಿದ್ದರೆ ಅವಳ ಕ್ಲಿನಿಕ್ಕು ಅವನ ಹೊಟ್ಟೆ ಸೇರುತ್ತಿತ್ತು. ಅವಳು ಫೋನನ್ನು ಮೆಲ್ಲ ಮೇಜಿನ ಮೇಲೆ ಕವುಚಿ ಇಟ್ಟಳು.

"ತಪ್ಪು ನನ್ನದೇ," ಎಂದರು ಮೊಯ್ದೀನಬ್ಬ. "ಪದ ಬದಲಿಸುವ. ಆಗ್ತದಲ್ಲ?"

"ಬದಲಿಸಬಹುದು. ಆದರೆ ಒಳಗೆ ಅವನು ಇನ್ನೆಂತ ಕೈಯಾಡಿಸಿದ್ದಾನೋ ಯಾರಿಗೆ ಗೊತ್ತು? ಇದು ಬೇಡ. ಕಂಪನಿಯ ಸ್ವಂತ ವೆಬ್‌ಸೈಟಿನಿಂದ ಹೊಸದು ತರಿಸಿ. ಪೂರ್ತಿ ಬೆಲೆಗೆ."

ಪೂರ್ತಿ ಬೆಲೆ! ಆ ಮಾತು ಕೇಳಿದ್ದೇ ಮೊಯ್ದೀನಬ್ಬ ಕೊಟ್ಟ ದುಡ್ಡು ವಾಪಸ್ ಕೇಳಲು ಫೋನು ಹಚ್ಚಿದರು. ಮಾರಿದವನ ಫೋನು ಸ್ವಿಚ್ ಆಫ್. ವೆಬ್‌ಸೈಟಿನಲ್ಲಿ "ಸ್ವಲ್ಪ ಕಡಿಮೆ ಮಾಡಿ" ಎಂದು ಹೇಳುವ ಜಾಗ ಎಲ್ಲಿದೆಯೆಂದು ಮರ್ವಾಳ ಹತ್ತಿರ ಹುಡುಕಿಸಿದರು. ಇರಲಿಲ್ಲ. ಹಣ ಪಾವತಿಯಾದ ಮೇಲೆ ಲೈಲಾ ಗಂಡನಿಗೆ ಎರಡು ಲೋಟ ಲಿಂಬೆ ಶರಬತ್ತು ಕುಡಿಸಿ, ಫ್ಯಾನ್ ಹಾಕಿ ಮಲಗಿಸಬೇಕಾಯಿತು.

ಹೊಸ ವಾಲೆಟ್ ಬಂತು. ಈ ಸಲ ಪೆಟ್ಟಿಗೆಯನ್ನು ಬೇರೆ ಯಾರೂ ತೆರೆದಿರಲಿಲ್ಲ. ಹೇಮಾಕ್ಷಿ ಪಕ್ಕದಲ್ಲಿ ಕುಳಿತು ಹೇಳಿಕೊಟ್ಟರು, ಆದರೆ ಪಿನ್ ಹಾಕುವಾಗ ಮುಖ ತಿರುಗಿಸಿದರು. ಆ್ಯಪನ್ನೂ ಕಂಪನಿಯ ವೆಬ್‌ಸೈಟಿನ ಮೂಲಕವೇ ಇಳಿಸಿಕೊಂಡರು. ಡಬ್ಬಿಯ ಪುಟ್ಟ ಪರದೆಯ ಮೇಲೆ ಹೊಸ ಪದಗಳು ಮೂಡುವ ಹೊತ್ತಿಗೆ ಹೇಮಾಕ್ಷಿ ಎದ್ದು ಜಗಲಿಗೇ ಹೋದರು. ಮೊಯ್ದೀನಬ್ಬ ಪರೀಕ್ಷೆ ಬರೆಯುವ ಹುಡುಗನಂತೆ ನಾಲಿಗೆ ಕಚ್ಚಿಕೊಂಡು ಕ್ರಮ ತಪ್ಪದೆ ಬರೆದರು. ಬರೆದವರೇ ಕಾಗದ ಹಿಡಿದು ಹೊರಗೆ ಹೊರಟರು.

"ಎಲ್ಲಿಗೆ?" ಜಗಲಿಯಿಂದ ಹೇಮಾಕ್ಷಿ ಕೂಗಿದರು.

"ಲ್ಯಾಮಿನೇಶನ್ ಮಾಡಿಸಲಿಕ್ಕೆ. ಜೊತೆಗೆ ನಾಲ್ಕು ಝೆರಾಕ್ಸ್."

"ದೇವರೇ! ಝೆರಾಕ್ಸ್ ಮೆಷಿನಿನ ಗಾಜಿನ ಮೇಲೆ ಮನೆಯ ಕೀಲಿ ಮಲಗಿಸ್ತೀರಾ? ಫೋಟೋ ಬೇಡ, ವಾಟ್ಸಾಪ್ ಬೇಡ, ಮೇಲ್ ಬೇಡ. ಇನ್ನೊಂದು ಪ್ರತಿ ಬೇಕಾದರೆ ಕೈಯಲ್ಲೇ ಬರೀರಿ. ಒಂದು ಮನೆಯಲ್ಲಿ, ಒಂದು ಬ್ಯಾಂಕ್ ಲಾಕರಿನಲ್ಲಿ."

"ಡಬ್ಬಿ ಸಮುದ್ರಕ್ಕೆ ಬಿದ್ದರೆ?" ಲೈಲಾ ಕೇಳಿದರು.

"ಬೀಳಲಿ. ಕಾಗದ ಇದ್ದರೆ ಹೊಸ ಡಬ್ಬಿಯಲ್ಲಿ ಹಣ ವಾಪಸ್ ಸಿಗ್ತದೆ. ಕಾಗದವೂ ಹೋದರೆ ಯಾವ ಮ್ಯಾನೇಜರಿಗೆ ಅರ್ಜಿ ಕೊಟ್ಟರೂ ಸಿಗುವುದಿಲ್ಲ."

ಬರೀ ಮಾತನ್ನು ನಂಬದೆ ಮೊಯ್ದೀನಬ್ಬ ಅದನ್ನೂ ಪರೀಕ್ಷಿಸಿದರು. ಸ್ವಲ್ಪವೇ ಹಣ ಹಾಕಿ, ಡಬ್ಬಿಯನ್ನು ಪೂರ್ತಿ ಅಳಿಸಿ, ಕಾಗದ ನೋಡಿ ಪದಗಳನ್ನು ಮತ್ತೆ ಊಡಿಸಿದರು. ಹಣ ಹಾಗೆಯೇ ಕಾಣಿಸಿತು. ಆಮೇಲೆ ಮರ್ವಾ, ಹಣ ಸೇರಬೇಕಾದ ವಿಳಾಸ ಫೋನಿನಲ್ಲೂ ಡಬ್ಬಿಯ ಪರದೆಯಲ್ಲೂ ಒಂದೇ ಉಂಟೋ ಎಂದು ಅಕ್ಷರ ಅಕ್ಷರ ತಾಳೆ ನೋಡಿ, ಉಳಿದದ್ದನ್ನೆಲ್ಲ ಕಳಿಸಿದಳು. ಎಲ್ಲವೂ ಬಂದು ಸೇರಿತು. ಮೊಯ್ದೀನಬ್ಬ ಬಿಟ್ಟ ನಿಟ್ಟುಸಿರಿಗೆ ನದಿಯಾಚೆ ದೂರದ ದೇರೆಬೈಲಿನಲ್ಲಿ ಒಣಗಲು ಹಾಕಿದ ಬಟ್ಟೆ ಹಾರಿತು. ತಿಂಗಳೊಳಗೆ ಮರ್ವಾಳ ಕ್ಲಿನಿಕ್ಕಿಗೆ ಕೋಣೆಯೂ ಗೊತ್ತುಮಾಡಿದ್ದಾಯಿತು.

ಒಂದು ಮಧ್ಯಾಹ್ನ ಮನೆಗೆ ಫೋನು ಬಂತು. ಎತ್ತಿದವರು ಲೈಲಾ.

"ಮೇಡಂ, ವಾಲೆಟ್ ಕಂಪನಿಯಿಂದ ಮಾತಾಡ್ತಿದ್ದೇವೆ. ನಿಮ್ಮ ವಾಲೆಟ್ ಇವತ್ತೇ ಬ್ಲಾಕ್ ಆಗ್ತದೆ. ಇಪ್ಪತ್ತನಾಲ್ಕು ಪದ ಹೇಳಿ, ಸರಿ ಮಾಡಿ ಕೊಡ್ತೇವೆ."

"ಅಯ್ಯೋ, ಹೌದಾ? ಬರ್ಕೊಳ್ಳಿ. ಒಣಮೆಣಸು. ಕೊತ್ತಂಬರಿ. ಜೀರಿಗೆ. ಮೆಂತೆ. ಓಮ."

"ಸ್ವಲ್ಪ ನಿಧಾನ ಮೇಡಂ... ಓಮ. ಮುಂದೆ?"

"ಅರಶಿನ. ಬೆಳ್ಳುಳ್ಳಿ. ಹುಳಿ. ಆಯ್ತಾ? ಇನ್ನು ಎಲ್ಲವನ್ನೂ ಸೇರಿಸಿ ನುಣ್ಣಗೆ ಅರೆಯಿರಿ. ನೀರು ಜಾಸ್ತಿ ಹಾಕಬೇಡಿ."

ಆ ಕಡೆಯವನು ಫೋನು ಕಟ್ ಮಾಡಿದ.

ಓದುಗರೇ, ನೀವು ಲೈಲಾರಷ್ಟು ಮಾತಾಡುವ ಅಗತ್ಯವೂ ಇಲ್ಲ. ಅಂಥ ಕರೆ ಬಂದರೆ ಕಟ್ ಮಾಡಿ, ಅಷ್ಟು ಸಾಕು. ಬಿಟ್‌ಕಾಯಿನ್‌ನಂಥ ಕ್ರಿಪ್ಟೋ ಕೊಳ್ಳಿ ಎಂದು ನಾವು ಹೇಳುವುದಿಲ್ಲ. ಅದರ ಬೆಲೆ ಏರುತ್ತದೆ, ಬೀಳುತ್ತದೆ, ಆ ನಿರ್ಧಾರ ನಿಮ್ಮದು. ಆದರೆ ಈಗಾಗಲೇ ಇದ್ದರೆ ವಾಲೆಟನ್ನು ತಯಾರಿಸಿದ ಕಂಪನಿಯಿಂದಲೇ ತರಿಸಿ. ಪದಗಳನ್ನು ಮೊದಲೇ ಬರೆದು ಕೊಟ್ಟ ವಾಲೆಟ್ ಪುಕ್ಕಟೆ ಸಿಕ್ಕಿದರೂ ಮುಟ್ಟಬೇಡಿ. ನಿಮ್ಮ ಪದಗಳು ನಿಮ್ಮ ವಾಲೆಟಿನ ಪರದೆಯಲ್ಲಿ, ನಿಮ್ಮ ಕಣ್ಣೆದುರೇ ಹುಟ್ಟಬೇಕು. ನಿಮ್ಮ ಕೈಯಿಂದಲೇ ಕಾಗದಕ್ಕಿಳಿಯಬೇಕು. ಮೋಸ ಹೋದರೆ ನಾಚಿಕೊಂಡು ಕೂರದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಈ ಕಥೆ ಓದಿ ಮುಗಿಸಿದವರು ಇವತ್ತೇ ಎದ್ದು, ನಿಮ್ಮ ಪದಗಳ ಫೋಟೋ ಫೋನಿನಲ್ಲಿ ಉಂಟೋ ನೋಡಿ. ಇದ್ದರೆ ಆ ಕೀಲಿಯನ್ನು ನಂಬಬೇಡಿ: ಹೊಸ ಪದಗಳ ವಾಲೆಟ್ ಮಾಡಿ, ಹಣವನ್ನು ಅಲ್ಲಿಗೆ ಸಾಗಿಸಿ. ಪದ ಕೇಳುವವನು ಎಷ್ಟೇ ಸವಿಯಾಗಿ ಮಾತಾಡಲಿ, ಅವನು ಕಳ್ಳನೇ.